ಬೆನ್ನು ಕೊಟ್ಟು ಓಡಿಸುವ ಸ್ಪ್ರಿಂಟ್

ಸಾಮಾನ್ಯ ಸೈಕಲ್ಲಿನ ಸ್ಪ್ರಿಂಟ್ ಎಂದರೆ ಎದ್ದು ನಿಂತು ತುಳಿಯುವುದು. ಬಾಗಲಕೋಟೆ, ವಿಜಯಪುರ ಕಡೆಯ ರೇಸುಗಳನ್ನು ನೋಡಿದವರಿಗೆ ಇದು ಗೊತ್ತು: ಕೊನೆಯ ಗೆರೆ ಹತ್ತಿರವಾದಂತೆ ಸವಾರರು ಸೀಟು ಬಿಟ್ಟೇಳುತ್ತಾರೆ, ಹ್ಯಾಂಡಲ್ ಜಗ್ಗುತ್ತಾರೆ, ಮೈಭಾರವನ್ನೆಲ್ಲ ಪೆಡಲ್ ಮೇಲೆ ಹಾಕುತ್ತಾರೆ. ಒರಗಿ ಕೂತು, ಕಾಲನ್ನು ಮುಂದೆ ಚಾಚಿ ತುಳಿಯುವ ರಿಕಂಬೆಂಟ್ ಸೈಕಲ್ಲಿನಲ್ಲಿ ಏಳುವ ಮಾತೇ ಇಲ್ಲ. ಮತ್ತೆ ಆ ಕೊನೆಯ ಜೋರು ಎಲ್ಲಿಂದ ಬರಬೇಕು? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಕೋಚ್‌ಗಳಿಗಿಂತ ಎಂಜಿನಿಯರುಗಳೇ ಹೆಚ್ಚು. ಅದಕ್ಕೆ ಹಳೆಯದೊಂದು ನಿಷೇಧ ಕಾರಣ.

1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್, ಶಾರ್ಲ್ ಮೋಶೆ ರೂಪಿಸಿದ ವೆಲೊಕಾರ್ ಎಂಬ ಒರಗು ಸೈಕಲ್ ಏರಿ ಒಂದು ಗಂಟೆಯಲ್ಲಿ 45.055 ಕಿ.ಮೀ. ಕ್ರಮಿಸಿದ. 1914ರಿಂದ ಉಳಿದಿದ್ದ ಆಸ್ಕರ್ ಎಗ್‌ನ ಒಂದು ಗಂಟೆಯ ದಾಖಲೆ ಮುರಿಯಿತು. ಫೋರ್ ಅಗ್ರಶ್ರೇಣಿಯ ಸವಾರನಾಗಿರಲಿಲ್ಲ. ಅವನನ್ನು ಗೆಲ್ಲಿಸಿದ್ದು ಗಾಳಿಗೆ ಕಡಿಮೆ ಎದೆಯೊಡ್ಡುವ ಭಂಗಿ. ಗಾಳಿಯ ವಿರುದ್ಧ ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಎಂಟು ಪಟ್ಟು ಬೇಕು, ಹಾಗಾಗಿ ಈ ಲಾಭ ಸಣ್ಣದಲ್ಲ. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ರೇಸ್ ಸೈಕಲ್ಲಿಗೆ ಹೊಸ ಅಳತೆಗಳನ್ನು ವಿಧಿಸಿ ಒರಗು ಸೈಕಲ್ಲನ್ನು ಹೊರಗಿಟ್ಟಿತು. ಯಂತ್ರವನ್ನು ಮತ್ತೆ ಕಟ್ಟಬಹುದಿತ್ತು. ಆದರೆ ಗುರುವಿನಿಂದ ಶಿಷ್ಯನಿಗೆ ಇಳಿದುಬರಬೇಕಾದ ತುಳಿತದ ವಿದ್ಯೆ ಅಲ್ಲಿಗೇ ನಿಂತಿತು. ಇದು ಕ್ರೀಡೆಗೆ ಆದ ದೊಡ್ಡ ನಷ್ಟವೆಂದೇ ನಾನು ನಂಬಿದ್ದೇನೆ.

ಆಸಕ್ತಿ ಮರಳಿದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಪಾಠ ಹೇಳುತ್ತಿದ್ದ ಚೆಸ್ಟರ್ ಕೈಲ್ ಮುಂತಾದವರಿಂದ. 1976ರಲ್ಲಿ ಮಾನವಶಕ್ತಿ ವಾಹನಗಳಿಗೆಂದೇ ಅಂತರರಾಷ್ಟ್ರೀಯ ಸಂಘ ಹುಟ್ಟಿತು. 1986ರಲ್ಲಿ ಫ್ರೆಡ್ ಮಾರ್ಕಮ್ ಕವಚವುಳ್ಳ ಗೋಲ್ಡ್ ರಷ್ ಎಂಬ ಒರಗು ಸೈಕಲ್ಲಿನಲ್ಲಿ ಗಂಟೆಗೆ 105 ಕಿ.ಮೀ. ದಾಟಿದ. 2016ರಲ್ಲಿ ನೆವಾಡಾದ ಬ್ಯಾಟಲ್ ಮೌಂಟನ್‌ನಲ್ಲಿ ಟಾಡ್ ರೈಕರ್ಟ್ ಗಂಟೆಗೆ 144.17 ಕಿ.ಮೀ. ವೇಗ ಮುಟ್ಟಿದ. ಅಲ್ಲಿ ವೇಗ ಅಳೆಯುವುದು ಬರೀ 200 ಮೀಟರಿನಲ್ಲಿ. ಅದಕ್ಕೆ ಮುಂಚಿನ ಹಲವು ಕಿಲೋಮೀಟರುಗಳಲ್ಲಿ ಸವಾರ ದಮ್ಮು ಉಳಿಸಿಕೊಂಡು ವೇಗ ಕೂಡಿಸುತ್ತ ಬರುತ್ತಾನೆ. ಒರಗು ಸೈಕಲ್ಲಿನ ಸ್ಪ್ರಿಂಟ್ ಗೆಲ್ಲುವುದು ಸ್ಪ್ರಿಂಟಿಗೆ ಮೊದಲೇ.

ಭಂಗಿಯ ಮಾತು ಗಾಳಿಯಿಂದ ಸ್ನಾಯುವಿನ ಕಡೆಗೆ ಹೊರಳಿದ್ದು ತಡವಾಗಿ. ಅಮೆರಿಕದ ಸಂಶೋಧಕ ಡ್ಯಾನಿ ಟೂ ಸೊಂಟದ ಕೋನ ಬದಲಿಸುತ್ತ ಅಲ್ಪಾವಧಿಯ ಶಕ್ತಿಯನ್ನು ಅಳೆದರು. ಸೊಂಟ ತೀರಾ ಮಡಚಿದರೂ ತೀರಾ ಬಿಚ್ಚಿದರೂ ಬಲ ಕುಗ್ಗುತ್ತದೆ, ನಡುವೆಲ್ಲೋ ಶಿಖರವಿದೆ ಎಂದು ಕಂಡುಬಂತು. ಗಾಳಿಗಾಗಿ ಸೀಟನ್ನು ನೆಲಕ್ಕೆ ಮಲಗಿಸುತ್ತಲೇ ಹೋದವರು ಕೇಳಲೇಬೇಕಾದ ಮಾತಿದು. ಸೀಟು ಒರಗಿಸಿದಷ್ಟೂ ಪೆಡಲಿನ ಅಚ್ಚನ್ನೂ ಮೇಲೆತ್ತಿದರೆ ಆ ಕೋನ ಉಳಿಯುತ್ತದೆ.

ತಂತ್ರದ ತಿರುಳು ಬೆನ್ನಿನಲ್ಲಿದೆ. ಗೋಡೆಗೆ ಬೆನ್ನು ಕೊಟ್ಟು ಎದುರಿನ ಭಾರವನ್ನು ಕಾಲಿನಿಂದ ತಳ್ಳಿದ ಹಾಗೆ, ಇಲ್ಲಿ ಸೀಟಿನ ಆಸರೆಯಿಂದ ಮೈತೂಕಕ್ಕಿಂತ ಹೆಚ್ಚಿನ ಒತ್ತಡವನ್ನೂ ಪೆಡಲಿಗೆ ಕೊಡಬಹುದು. ಅಪಾಯವೂ ಅಲ್ಲೇ: ದೊಡ್ಡ ಗೇರಿನಲ್ಲಿ ಹಾಗೆ ತಳ್ಳಿದರೆ ಮೊಣಕಾಲು ನೋಯುತ್ತದೆ. ಅದಕ್ಕೇ ಒಂದು ಗೇರು ಇಳಿಸಿ, ಮೊದಲು ಕಾಲಿನ ಸುತ್ತು ಏರಿಸಿ, ಆಮೇಲೆ ಒಂದೊಂದೇ ಗೇರು ಹತ್ತಬೇಕು. ಪೆಡಲ್ ದೂರ ಹೋದಾಗ ಮೊಣಕಾಲು ಕೊಂಚ ಬಾಗಿರಲಿ. ಸೊಂಟ ಅತ್ತಿತ್ತ ಹೊರಳಿದರೆ ಸೀಟಿನಿಂದ ಪೆಡಲಿನವರೆಗಿನ ಅಳತೆ ಉದ್ದವಾಗಿದೆ ಎಂದರ್ಥ. ಪಾದ ಪೆಡಲಿಗೆ ಬೂಟಿನ ತಳದ ಕ್ಲೀಟಿನಿಂದ ಕಚ್ಚಿರಬೇಕು, ಮೂರು ಚಕ್ರದ್ದರಲ್ಲಂತೂ ಜಾರಿದ ಪಾದ ನೆಲಕ್ಕೆ ತಾಗಿ ಹಿಂದಕ್ಕೆ ಸೆಳೆದುಕೊಂಡು ಹೋದೀತು. ಕೈ ಸಡಿಲವಾಗಿರಲಿ. ಹ್ಯಾಂಡಲ್ ಬಿಗಿಹಿಡಿದರೆ ಪ್ರತಿ ತುಳಿತಕ್ಕೂ ಮುಂದಿನ ಚಕ್ರ ಓಲಾಡುತ್ತದೆ.

ಬೆಂಗಳೂರಿನ ಮಡಿವಾಳದ ಹೊಸೂರು ರಸ್ತೆಯಲ್ಲಿ ಇಂಥ ಸೈಕಲ್ ಇಳಿಸುವವರು ಬಸ್ ಚಾಲಕರ ಕಣ್ಣಿಗೆ ಬೀಳಲು ಎತ್ತರದ ಬಾವುಟ ಕಟ್ಟಲೇಬೇಕು. ಪೂರ್ಣ ವೇಗದ ಅಭ್ಯಾಸಕ್ಕೆ ಇದು ಜಾಗವಲ್ಲ, ಅದನ್ನು ಮನೆಯ ಟ್ರೈನರ್ ಮೇಲೆ ಮಾಡುವುದೇ ಕ್ಷೇಮ. ಆದರೆ ಅಲ್ಲಿನ ಚೆಕ್‌ಪೋಸ್ಟಿನಿಂದ ಸಿಲ್ಕ್ ಬೋರ್ಡ್ ಜಂಕ್ಷನ್ ಕಡೆಗಿನ ದಟ್ಟಣೆ ಒಂದು ಪಾಠವನ್ನು ಚೆನ್ನಾಗಿ ಕಲಿಸುತ್ತದೆ: ನಿಲ್ಲುವ ಮೊದಲೇ, ಚಕ್ರ ಉರುಳುತ್ತಿರುವಾಗಲೇ ಗೇರು ಇಳಿಸಬೇಕು. ಹಸಿರು ಬಂದ ಮೇಲೆ ಎದ್ದು ನಿಂತು ದೊಡ್ಡ ಗೇರನ್ನು ತುಳಿಯುವ ದಾರಿ ಈ ಸೈಕಲ್ಲಿನಲ್ಲಿಲ್ಲ.