ಅಡುಗೆಮನೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ?

ಕಳೆದ ಜುಲೈನಲ್ಲಿ ಪತ್ರಾಗಾರದ ಕೆಲಸಕ್ಕೆಂದು ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಬೇಕಿತ್ತು. ಎರಡು ರಾತ್ರಿ ಕೂತು ಮೆಜೆಸ್ಟಿಕ್ ಸುತ್ತಮುತ್ತಲಿನ ಏಳು ಲಾಡ್ಜುಗಳನ್ನು ಮೊಬೈಲಿನಲ್ಲಿ ಹೋಲಿಸಿ ನೋಡಿದೆ. ಬಾಡಿಗೆ, ಬಿಸಿನೀರು, ವೈಫೈ, ಬಸ್‌ಸ್ಟ್ಯಾಂಡಿನಿಂದ ಎಷ್ಟು ದೂರ, ತಂಗಿದವರು ಎಷ್ಟು ಸ್ಟಾರ್ ಕೊಟ್ಟಿದ್ದಾರೆ ಎಲ್ಲವೂ ಇತ್ತು. ಎರಡು ಕಡೆ ಫೋನ್ ಮಾಡಿದಾಗ "ಒಬ್ರೇನಾ ಮೇಡಂ?" ಎಂದು ಕೇಳಿ, ಆಮೇಲೆ ರೂಮು ಖಾಲಿ ಇಲ್ಲ ಎಂದರು. ಮೂರನೆಯವರು ಒಪ್ಪಿದರು. ಆ ದಿನ ನೆಲಮಂಗಲದ ಹತ್ತಿರ ಬಸ್ಸು ನಿಂತಲ್ಲೇ ನಿಂತು, ನಾನು ಲಾಡ್ಜು ಸೇರಿದಾಗ ರಾತ್ರಿ ಹತ್ತೂಮುಕ್ಕಾಲು. ಊಟ ಸಿಗುತ್ತದೆಯೇ ಎಂದು ಕೇಳಿದೆ. "ಕಿಚನ್ ಹತ್ತಕ್ಕೇ ಕ್ಲೋಸ್ ಆಯ್ತು ಮೇಡಂ" ಎಂದ ಕೌಂಟರಿನ ಹುಡುಗ. ಹೋಲಿಸಿ ನೋಡಿದ ಏಳರಲ್ಲಿ ಒಬ್ಬರೂ ಬರೆದಿರದ ಸಂಗತಿ ಅದೊಂದೇ.

ಚರಿತ್ರೆ ಓದುವವರಿಗೆ ಹಸಿವಾದಾಗಲೂ ಶಾಸನ ನೆನಪಾಗುತ್ತದೆ, ಅದೊಂದು ರೋಗ. ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠ ಎಂಬ ಕಾಳಾಮುಖರ ಮಠವಿತ್ತು. 1162ರ ಶಾಸನವೊಂದು ಆ ಮಠದಲ್ಲಿ ಯಾರು ಯಾರಿಗೆ ಅನ್ನ ಸಿಗುತ್ತಿತ್ತು ಎಂದು ಉದ್ದಕ್ಕೆ ಹೇಳುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು. ಅಷ್ಟಕ್ಕೇ ನಿಲ್ಲದೆ ಬೇರೆ ಬೇರೆ ಮತಗಳ ಸನ್ಯಾಸಿಗಳನ್ನೂ, ನಾನಾ ದೇಶಗಳಿಂದ ಬಂದ ಭಿಕ್ಷುಕರನ್ನೂ ಸೇರಿಸಿಕೊಳ್ಳುತ್ತದೆ. ರೋಗಿಗಳಿಗೆ ಅಲ್ಲಿ ಔಷಧವೂ ಸಿಗುತ್ತಿತ್ತಂತೆ. ಶಾಸನ ಹೊಗಳಿಕೆಯ ಮಾತು, ಅದನ್ನು ಅಕ್ಷರಶಃ ನಂಬುವಂತಿಲ್ಲವೆಂದು ನಮಗೆ ಮೊದಲ ವರ್ಷವೇ ಕಲಿಸುತ್ತಾರೆ. ನಂಬದಿದ್ದರೂ ಒಂದು ಮಾತು ಉಳಿಯುತ್ತದೆ: ಒಂದು ಮಠ ತನ್ನ ಹಿರಿಮೆಯನ್ನು ಹೇಳಿಕೊಳ್ಳಬೇಕಾದಾಗ, ಉಣ್ಣಲು ಬರುವವರನ್ನು ಒಬ್ಬೊಬ್ಬರನ್ನಾಗಿ ಎಣಿಸಿ ಕಲ್ಲಿನಲ್ಲಿ ಕೆತ್ತಿಸಿತು.

ಆಮೇಲಿನ ಛತ್ರಗಳು ಅಷ್ಟು ಉದಾರವಾಗಿರಲಿಲ್ಲ. ಊಟವೂ ನಿದ್ದೆಯೂ ಒಂದೇ ಸೂರಿನಡಿ ಸಿಗುತ್ತಿದ್ದದ್ದು ನಿಜ, ಆದರೆ ಎಷ್ಟೋ ಛತ್ರಗಳು ಕಟ್ಟಿಸಿದವರ ಜಾತಿಯವರಿಗೆ ಮೀಸಲು. ಎಲ್ಲರೂ ತಂಗಬಹುದಾದ ಕಡೆಯೂ ಅಡುಗೆ ಬೇರೆ, ಪಂಕ್ತಿ ಬೇರೆ. ಮಡಿವಂತರು ಮನೆಯಿಂದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು, ಇಲ್ಲವೇ ಅಕ್ಕಿ ಬೇಳೆ ತಂದು ಛತ್ರದ ಒಲೆಯಲ್ಲಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಮುಟ್ಟಿಸಿಕೊಳ್ಳದವರು ಎಂದು ಊರು ಹೊರಗಿಟ್ಟವರಿಗೆ ಜಗಲಿಯೂ ಸಿಗುತ್ತಿರಲಿಲ್ಲ.

ರೈಲು ಬಂದ ಮೇಲೆ ಬೆಂಗಳೂರಿನಲ್ಲಿ ತಂಗುವ ಪ್ರಶ್ನೆ ದೊಡ್ಡದಾಯಿತು. ಸಿಟಿ ರೈಲ್ವೆ ನಿಲ್ದಾಣದ ಎದುರಿಗೇ ವ್ಯಾಪಾರಿ ಗುಬ್ಬಿ ತೋಟದಪ್ಪನವರು ರೈಲ್ವೆಯಿಂದ ಜಾಗ ಕೊಂಡು ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಶುರುವಾಯಿತು. ಜೊತೆಗೆ ಬಡ ವಿದ್ಯಾರ್ಥಿಗಳಿಗೆ ಉಚಿತ ವಿದ್ಯಾರ್ಥಿನಿಲಯ. ಊರಿಗೆ ವಿದ್ಯುತ್ ದೀಪ ಬಂದದ್ದು ಅದಾಗಿ ಎರಡು ವರ್ಷಕ್ಕೆ, 1905ರಲ್ಲಿ, ಶಿವನಸಮುದ್ರದಿಂದ. ಅಂದರೆ ಆ ಛತ್ರದ ಮೊದಲ ಪ್ರಯಾಣಿಕರು ರೈಲಿಳಿದು ಕತ್ತಲೆಯಲ್ಲೇ ರಸ್ತೆ ದಾಟಿದವರು. ರಾತ್ರಿ ಬಂದವರಿಗೆ ನಿಲ್ದಾಣದ ಎದುರೇ ಒಂದು ಬಾಗಿಲು ಇರಬೇಕು ಎಂಬ ಅವರ ಲೆಕ್ಕಾಚಾರ ನನಗೆ ಅವತ್ತು ಚೆನ್ನಾಗಿ ಅರ್ಥವಾಯಿತು.

ಛತ್ರ ಹಿಂದಕ್ಕೆ ಸರಿದು ಹೋಟೆಲು ಬಂದಾಗ ಕನ್ನಡ ಒಂದು ಕುತೂಹಲದ ಕೆಲಸ ಮಾಡಿತು. ಇಂಗ್ಲಿಷಿನವರು ಮಲಗುವ ಜಾಗಕ್ಕೆ ಹೇಳುವ ಪದವನ್ನು ನಾವು ತಿನ್ನುವ ಜಾಗಕ್ಕೆ ಇಟ್ಟುಕೊಂಡೆವು; ಮಲಗುವುದಕ್ಕೆ 'ಲಾಡ್ಜ್' ಎಂಬ ಇನ್ನೊಂದು ಪದ ತಂದುಕೊಂಡೆವು. ಛತ್ರದಲ್ಲಿ ಒಟ್ಟಿಗಿದ್ದ ಅನ್ನವೂ ಹಾಸಿಗೆಯೂ ಎರಡು ಬೋರ್ಡುಗಳಾದವು. ಇವೆರಡನ್ನೂ ಮತ್ತೆ ಕೂಡಿಸಿದವರೂ ಇದ್ದರು. ಉಡುಪಿ ಕಡೆಯ ಕೃಷ್ಣರಾಯರು 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದು ರೂಮು, ಊಟ ಎರಡನ್ನೂ ಒಂದೇ ಕಡೆ ಕೊಟ್ಟರು. ಬೆಂಗಳೂರಿನ ಹೆಸರಾಂತ ಹೋಟೆಲುಗಳ ದಾರಿ ಮಾತ್ರ ಬೇರೆ. ಎಂಟಿಆರ್ 1924ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಶುರುವಾಯಿತು. ಆಮೇಲೆ ಬಂದ ಹೆಸರಿನಲ್ಲೂ ಇರುವುದು 'ಟಿಫಿನ್'. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ, ಹೆಸರೇ ಹೇಳುವಂತೆ ವಿದ್ಯಾರ್ಥಿಗಳಿಗೆಂದು. ಬೆಳಗ್ಗೆ ಬೇಗ ಏಳುವ ಗುಮಾಸ್ತರ, ಮೇಷ್ಟರ, ಹುಡುಗರ ಊರಿಗೆ ಇವು ಸರಿಹೊಂದಿದವು. ಇಡ್ಲಿ, ದೋಸೆ, ಕಾಫಿ; ರಾತ್ರಿಯೂಟಕ್ಕೆ ಎಲ್ಲರೂ ಮನೆಗೆ ಹೋಗುತ್ತಾರೆ ಎಂಬ ನಂಬಿಕೆ. ರಾತ್ರಿ ಪಾಳಿಯ ದೊಡ್ಡ ಕಾರ್ಖಾನೆಗಳಿದ್ದವು, ಆದರೆ 250ಕ್ಕಿಂತ ಹೆಚ್ಚು ಕೆಲಸಗಾರರಿದ್ದಲ್ಲಿ ಕ್ಯಾಂಟೀನು ನಡೆಸುವಂತೆ ಮಾಡಲು 1948ರ ಕಾರ್ಖಾನೆ ಕಾಯಿದೆಯೇ ಅವಕಾಶ ಕೊಟ್ಟಿತ್ತು. ಆ ಹಸಿವು ಗೇಟಿನ ಒಳಗೇ ತೀರಿತು, ಊರಿನ ಹೋಟೆಲಿನವರೆಗೆ ಬರಲಿಲ್ಲ.

ಹೋಟೆಲು ಜಾತಿಯನ್ನು ಸಡಿಲಿಸಿತು ಎಂದು ನಾವು ಸೆಮಿನಾರುಗಳಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ದುಡ್ಡು ಕೊಟ್ಟವರಿಗೆಲ್ಲ ಕಾಫಿ ಎಂಬುದು ದೊಡ್ಡ ಬದಲಾವಣೆಯೇ. ಆದರೆ ಮೊದಮೊದಲು ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇತ್ತು, ದಲಿತರಿಗೆ ಹೊರಗೆ ಬೇರೆ ಲೋಟ ಇತ್ತು. ಹೋಟೆಲಿನ ಬಾಗಿಲಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎಂದು ಸಂವಿಧಾನದ 15ನೆಯ ವಿಧಿಯಲ್ಲಿ, ಬಾವಿ ಕೆರೆಗಳ ಜೊತೆಗೆ, ಹೋಟೆಲನ್ನೂ ಹೆಸರಿಟ್ಟು ಬರೆಯಬೇಕಾಗಿ ಬಂತು. ಇನ್ನು ಹೆಂಗಸರು ಕೂರುತ್ತಿದ್ದದ್ದು 'ಫ್ಯಾಮಿಲಿ ರೂಮ್' ಎಂಬ ಪರದೆಯ ಹಿಂದೆ. ಒಬ್ಬಳೇ ಬಂದವಳು ಯಾವ ಫ್ಯಾಮಿಲಿ? ಆ ಪ್ರಶ್ನೆಯೇ ಈಗ ಫೋನಿನಲ್ಲಿ "ಒಬ್ರೇನಾ?" ಎಂದು ಕೇಳಿಸುತ್ತದೆ.

ಕಾನೂನೂ ರಾತ್ರಿಯನ್ನು ಗಂಡಸರ ಪಾಲಿಗೇ ಬರೆದುಕೊಟ್ಟಿತ್ತು. ಅಂಗಡಿ, ಹೋಟೆಲುಗಳಿಗೆ ಅನ್ವಯಿಸುವ ರಾಜ್ಯದ 1961ರ ಕಾಯಿದೆ ಹೆಂಗಸರನ್ನು ರಾತ್ರಿ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದಿತು. ಉದ್ದೇಶ ರಕ್ಷಣೆಯೇ ಇರಬಹುದು. ಐಟಿ ಕಂಪನಿಗಳು ಬಂದ ಮೇಲೆ, ಮನೆಗೆ ಬಿಡುವ ವಾಹನದಂಥ ಷರತ್ತುಗಳ ಮೇಲೆ ಅವುಗಳಿಗೆ ವಿನಾಯಿತಿ ಸಿಕ್ಕಿತು. ಕಾರ್ಖಾನೆಯ ಹಾಗೆ ಅವರ ರಾತ್ರಿಯೂಟವೂ ಗೇಟಿನೊಳಗೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನು ಬಿಟ್ಟರೆ ಮೋಸವಾಗುತ್ತದೆ. ನನಗೆ ಹನ್ನೊಂದಕ್ಕೆ ಬಿಸಿ ಅನ್ನ ಬೇಕೆಂದರೆ ಯಾರೋ ಒಬ್ಬ ಮಾಣಿ ಹನ್ನೊಂದರವರೆಗೆ ನಿಂತಿರಬೇಕು. ಕರಾವಳಿಯ ಬ್ರಾಹ್ಮಣರ ಮನೆಮಾತಿನಲ್ಲಿ ಹುಡುಗ ಎಂದಷ್ಟೇ ಅರ್ಥವಿದ್ದ ಆ ಪದ ಹೋಟೆಲು ಸೇರಿ ಒಂದು ಕಸುಬಿನ ಹೆಸರಾಯಿತು. ಹೀಗೆ ಊರು ಬಿಟ್ಟ ಹುಡುಗರು ಹಗಲೆಲ್ಲ ತಟ್ಟೆ ಎತ್ತಿ, ಮುಂಬೈಯ ಕನ್ನಡ ರಾತ್ರಿಶಾಲೆಗಳಲ್ಲಿ ಕೂತು ಅಕ್ಷರ ಕಲಿತದ್ದುಂಟು. ಅಡುಗೆಮನೆ ಹತ್ತಕ್ಕೆ ಮುಚ್ಚದಿದ್ದರೆ ಅವರಿಗೆ ಆ ಶಾಲೆಯೂ ಇರುತ್ತಿರಲಿಲ್ಲ. ಹಾಗಾಗಿ ಕೌಂಟರಿನ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ.

ಆ ರಾತ್ರಿ ಹೊರಗೆ ಹೋದೆ. ಮೆಜೆಸ್ಟಿಕ್ ಚಿತ್ರಮಂದಿರ ಈಗಿಲ್ಲ, ಆ ಭಾಗಕ್ಕೆ ಹೆಸರು ಮಾತ್ರ ಉಳಿದಿದೆ. ಸೆಕೆಂಡ್ ಶೋ ಬಿಟ್ಟು ಬರುವವರನ್ನು ನಂಬಿದ್ದ ಗಾಡಿಗಳೂ ಮೊದಲಿನಷ್ಟಿಲ್ಲ ಎನ್ನುತ್ತಾರೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಗಾಡಿಯಲ್ಲಿ ಮೊಟ್ಟೆ, ಚಿತ್ರಾನ್ನ ಇತ್ತು. ಸುತ್ತ ನಿಂತು ತಿನ್ನುತ್ತಿದ್ದವರೆಲ್ಲ ಗಂಡಸರು, ಹೆಚ್ಚಿನವರು ಡ್ರೈವರುಗಳು. ಗಾಡಿಯಾತ ಏನೂ ಕೇಳದೆ ತಟ್ಟೆಗೆ ಬಡಿಸಿ, ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲನ್ನು ನನ್ನ ಕಡೆ ತಳ್ಳಿದ. ಅವನ ಊಟ ಆಗಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಈಗ ಲಾಡ್ಜಿಗೆ ಫೋನ್ ಮಾಡಿದರೆ ಬಾಡಿಗೆಗಿಂತ ಮೊದಲು ಅಡುಗೆಮನೆಯ ಹೊತ್ತನ್ನೇ ಕೇಳುತ್ತೇನೆ. ಹತ್ತು ಗಂಟೆ ಎಂದರೆ ಸರಿ ಎನ್ನುತ್ತೇನೆ. ಅಮ್ಮ ಕಟ್ಟಿಕೊಡುವ ಮೊಸರನ್ನದ ಡಬ್ಬಿಯನ್ನು ಇತ್ತೀಚೆಗೆ ಬೇಡ ಎನ್ನುತ್ತಿಲ್ಲ.