ಕೆಂಬಾವುಟದ ಆಳ್ವಿಕೆಯಲ್ಲಿ ಕನ್ನಡದ ಭಿನ್ನಮತ: ಕಾಸರಗೋಡಿನ ಪ್ರತಿರೋಧವೂ ಅದರ ದಾಯವೂ

ಪೀಠಿಕೆ

1956ನೆಯ ಇಸವಿಯ ನವೆಂಬರ್ 1ರಂದು, ಅದುವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಯು ಮೈಸೂರು ರಾಜ್ಯವನ್ನು ಕೂಡಿಕೊಂಡಿತು. ಹುನಗುಂದ ಸೀಮೆಯ ಮರೋಳವೂ, ಅದರ ಸುತ್ತಣ ಊರುಗಳೂ, ಬಾದಾಮಿ ಬಾಗಲಕೋಟೆಗಳೂ ಆ ದಿನ ಏಕೀಕೃತ ಕನ್ನಡನಾಡಿನ ಆಶ್ರಯಕ್ಕೆ ಬಂದುವು. ಯಾವ ರಾಜ್ಯ ಪುನರ್ವಿಂಗಡಣಾ ಶಾಸನವು ನಮ್ಮ ಪಾಲಿಗೆ ಈ ಮಂಗಲವನ್ನು ತಂದಿತೋ, ಅದೇ ಶಾಸನವು ಅದೇ ದಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕನ್ನು ಬೇರ್ಪಡಿಸಿ ನೂತನ ಕೇರಳ ರಾಜ್ಯಕ್ಕೆ ಒಪ್ಪಿಸಿತು. ಐದು ತಿಂಗಳು ಕಳೆಯುತ್ತಲೇ, 1957ರ ಏಪ್ರಿಲ್ 5ರಂದು, ಆ ರಾಜ್ಯದಲ್ಲಿ ಇ. ಎಂ. ಎಸ್. ನಂಬೂದಿರಿಪಾಡರ ನಾಯಕತ್ವದ ಕಮ್ಯುನಿಸ್ಟ್ ಮಂತ್ರಿಮಂಡಲವು ಅಧಿಕಾರವನ್ನು ಸ್ವೀಕರಿಸಿತು. ಹೀಗಾಗಿ ಕಮ್ಯುನಿಸ್ಟರ ಆಳ್ವಿಕೆಯಲ್ಲಿ ಅಲ್ಪಸಂಖ್ಯಾತರಾಗಿ ಬಾಳಿ, ಆ ಆಳ್ವಿಕೆಯೆದುರು ತಮ್ಮ ಭಿನ್ನಮತವನ್ನು ತಲೆಮಾರಿನಿಂದ ತಲೆಮಾರಿಗೆ ನಿವೇದಿಸುತ್ತ ಬಂದ ಕನ್ನಡಿಗರನ್ನು ಅರಸುವವರು ಮೊದಲು ಹೋಗಿ ನಿಲ್ಲಬೇಕಾದದ್ದು ಕಾಸರಗೋಡಿನ ಚಂದ್ರಗಿರಿ ಹೊಳೆಯ ದಡದಲ್ಲಿ.

ಇಲ್ಲಿ ಒಂದು ವಿವೇಚನೆಯನ್ನು ಆರಂಭದಲ್ಲಿಯೇ ಮಾಡಿಕೊಳ್ಳುವುದು ಅವಶ್ಯ. ಕೇರಳದ ಕಮ್ಯುನಿಸ್ಟ್ ಆಳ್ವಿಕೆಯು ಮತಪತ್ರದಿಂದ ಬಂದು ಮತಪತ್ರದಿಂದಲೇ ಹೋಗತಕ್ಕದ್ದು. ಅದರ ಮೇಲೆ ಸಂವಿಧಾನವೂ ನ್ಯಾಯಾಲಯವೂ ಸ್ವತಂತ್ರ ಪತ್ರಿಕೆಗಳೂ ಇದ್ದುವು. ಪೂರ್ವ ಯೂರೋಪಿನ ಏಕಪಕ್ಷ ಪ್ರಭುತ್ವಗಳೊಡನೆ ಅದನ್ನು ಸಮೀಕರಿಸುವುದು ಇತಿಹಾಸಕ್ಕೆ ಅಪಚಾರವಾದೀತು. ಆದರೂ ಎರಡೆಡೆಗಳಲ್ಲಿಯೂ ಪ್ರತಿರೋಧವು ಹಿಡಿದ ಹಾದಿಯಲ್ಲಿ ಒಂದು ಸಾಮ್ಯವಿದೆ. ಆಳುವವರು ತಾವೇ ಘೋಷಿಸಿದ ತತ್ತ್ವವನ್ನು, ತಾವೇ ಅಂಗೀಕರಿಸಿದ ಶಾಸನವನ್ನು, ಅವರ ಎದುರಿಗೇ ಹಿಡಿದು ಉತ್ತರ ಕೇಳಿದ ಭಿನ್ನಮತದ ಫಲವೇ ಹೆಚ್ಚು ಕಾಲ ನಿಂತಿದೆ ಎಂಬುದನ್ನು ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ಕಯ್ಯೂರಿನ ಪೂರ್ವಪೀಠಿಕೆ

ಕಾಸರಗೋಡಿನ ನೆಲದಲ್ಲಿ ಕಮ್ಯುನಿಸ್ಟರು ಮೊದಲು ಕಾಣಿಸಿಕೊಂಡದ್ದು ಪ್ರಭುಗಳಾಗಿ ಅಲ್ಲ, ಪ್ರತಿರೋಧಿಗಳಾಗಿ. ತೇಜಸ್ವಿನೀ ನದಿಯ ತೀರದ ಕಯ್ಯೂರಿನಲ್ಲಿ ಜಮೀನುದಾರಿಯ ಕಠೋರ ವಸೂಲಿಗಳಿಗೂ ಬ್ರಿಟಿಷ್ ಪೋಲೀಸರ ದಬ್ಬಾಳಿಕೆಗೂ ಎದುರು ನಿಂತಿದ್ದ ರೈತರು 1941ರ ಮಾರ್ಚ್ 28ರಂದು ಮೆರವಣಿಗೆ ಹೊರಟಿದ್ದಾಗ ಸುಬ್ಬರಾಯನೆಂಬ ಪೋಲೀಸನು ಎದುರಾದನು. ಜನರು ಅವನ ಕೈಗೆ ಕೆಂಬಾವುಟವನ್ನು ಕೊಟ್ಟು ಮುಂದೆ ನಡೆಯಿಸಿದರು. ತಪ್ಪಿಸಿಕೊಳ್ಳಲೆಂದು ಅವನು ಹೊಳೆಗೆ ಹಾರಿ ಅಲ್ಲಿಯೇ ಅಸುನೀಗಿದನು. ಮಂಗಳೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ನಡೆದ ವಿಚಾರಣೆಯ ತರುವಾಯ ಮಠತ್ತಿಲ್ ಅಪ್ಪು, ಕೊಯಿತಾಟಿಲ್ ಚಿರುಕಂಡನ್, ಪೊಡವರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನೀಲೇಶ್ವರದಲ್ಲಿ ವಿದ್ಯಾರ್ಥಿಯಾಗಿದ್ದ ನಿರಂಜನರು ಈ ವೃತ್ತಾಂತವನ್ನೇ ವಸ್ತುವಾಗಿಸಿಕೊಂಡು 1955ರಲ್ಲಿ ‘ಚಿರಸ್ಮರಣೆ’ ಕಾದಂಬರಿಯನ್ನು ಬರೆದರು. ಮಲಯಾಳ ನುಡಿಯ ರೈತರ ಬಲಿದಾನವು ಕನ್ನಡ ಕೃತಿಯಲ್ಲಿ ಚಿರಸ್ಥಾಯಿಯಾದ ಈ ಸಂಗತಿಯು, ಕಾಸರಗೋಡಿನ ಕನ್ನಡಿಗರ ಭಿನ್ನಮತವು ಮಲಯಾಳಿಗಳ ಮೇಲಣ ದ್ವೇಷದಿಂದಾಗಲಿ ಕಮ್ಯುನಿಸ್ಟ್ ತತ್ತ್ವದ ಮೇಲಣ ಅಸಹನೆಯಿಂದಾಗಲಿ ಹುಟ್ಟಿದುದಲ್ಲವೆಂಬುದಕ್ಕೆ ಒಂದು ಬಲವಾದ ಸಾಕ್ಷ್ಯ.

ಪ್ರಥಮ ಮಂತ್ರಿಮಂಡಲವೂ ದ್ವಿವಿಧ ವಿರೋಧವೂ

1957ರ ಚುನಾವಣೆಯಲ್ಲಿ 126 ಸ್ಥಾನಗಳ ಕೇರಳ ವಿಧಾನಸಭೆಯಲ್ಲಿ ಕಮ್ಯುನಿಸ್ಟ್ ಪಕ್ಷವು 60 ಸ್ಥಾನಗಳನ್ನು ಗೆದ್ದು, ಐವರು ಪಕ್ಷೇತರರ ಬೆಂಬಲದಿಂದ ಸರ್ಕಾರ ರಚಿಸಿತು. ಮುಖ್ಯಮಂತ್ರಿಗಳು ಸ್ವತಃ ಆರಿಸಿಬಂದದ್ದು ಚಂದ್ರಗಿರಿಯ ದಕ್ಷಿಣಕ್ಕಿರುವ ನೀಲೇಶ್ವರ ಕ್ಷೇತ್ರದಿಂದ. ಅದೇ ಸಭೆಗೆ, ಹೊಳೆಯ ಉತ್ತರದ ಮಂಜೇಶ್ವರದಿಂದ, ಪಕ್ಷೇತರರಾಗಿ ನಿಂತ ಎಂ. ಉಮೇಶರಾಯರು ಪ್ರತಿಸ್ಪರ್ಧಿಯೇ ಇಲ್ಲದೆ ಅವಿರೋಧವಾಗಿ ಆರಿಸಿಬಂದರು. ಒಂದೇ ಹೊಳೆಯ ಒಂದು ದಡದಿಂದ ಆಳುವವರೂ ಇನ್ನೊಂದು ದಡದಿಂದ ಕನ್ನಡದ ಅಹವಾಲನ್ನು ಹೊತ್ತವರೂ ಒಂದೇ ಸಭಾಂಗಣವನ್ನು ಪ್ರವೇಶಿಸಿದರು.

ಆ ಮಂತ್ರಿಮಂಡಲಕ್ಕೆ ಒದಗಿದ ವಿರೋಧವು ಎರಡು ಬಗೆಯದು. ಮೊದಲನೆಯದು ಬೀದಿಯ ವಿರೋಧ. ಶಿಕ್ಷಣಮಂತ್ರಿ ಜೋಸೆಫ್ ಮುಂಡಶ್ಶೇರಿಯವರ ಶಿಕ್ಷಣ ಮಸೂದೆಯೂ ಭೂಸಂಬಂಧಗಳ ಮಸೂದೆಯೂ ಕ್ಯಾಥೊಲಿಕ್ ಚರ್ಚು, ನಾಯರ್ ಸರ್ವೀಸ್ ಸೊಸೈಟಿ, ಕಾಂಗ್ರೆಸ್, ಮುಸ್ಲಿಂ ಲೀಗುಗಳನ್ನು ಒಂದೇ ಪಂಕ್ತಿಗೆ ತಂದುವು. ಮನ್ನತ್ತು ಪದ್ಮನಾಭನ್ ಅವರ ಮುಂದಾಳುತನದಲ್ಲಿ 1959ರ ಜೂನ್ ತಿಂಗಳಲ್ಲಿ ‘ವಿಮೋಚನ ಸಮರ’ವು ಪರಾಕಾಷ್ಠೆಯನ್ನು ಮುಟ್ಟಿತು. ಜೂನ್ 13ರಂದು ಅಂಗಮಾಲಿಯಲ್ಲಿ ಪೋಲೀಸರು ಗುಂಡು ಹಾರಿಸಿ ಏಳು ಜನ ಮಡಿದರು. ಜುಲೈ 31ರಂದು ಕೇಂದ್ರ ಸರ್ಕಾರವು ಸಂವಿಧಾನದ 356ನೆಯ ವಿಧಿಯನ್ನು ಪ್ರಯೋಗಿಸಿ ಮಂತ್ರಿಮಂಡಲವನ್ನು ವಜಾ ಮಾಡಿತು. ಪ್ರಜೆಗಳ ಮೇಲೆ ಗುಂಡು ಹಾರಿಸಿದ ಸರ್ಕಾರವು ದೋಷಮುಕ್ತವಲ್ಲ. ಆದರೆ ಜನರು ಆರಿಸಿದ ಸರ್ಕಾರವನ್ನು ದೆಹಲಿಯ ಅಂಕಿತದಿಂದ ಕಿತ್ತೆಸೆದುದು ಪ್ರಜಾಪ್ರಭುತ್ವಕ್ಕೆ ಬಿದ್ದ ಪೆಟ್ಟಾಗಿಯೇ ಉಳಿದಿದೆ, ಮತ್ತು ಮುಂದೆ ಅನೇಕ ರಾಜ್ಯಗಳಲ್ಲಿ ಅದೇ ವಿಧಿಯ ದುರ್ವಿನಿಯೋಗಕ್ಕೆ ಅದು ಮೇಲ್ಪಂಕ್ತಿಯಾಯಿತು.

ಎರಡನೆಯದು ನ್ಯಾಯಸಭೆಯ ವಿರೋಧ. 1957ರ ಸೆಪ್ಟೆಂಬರಿನಲ್ಲಿ ಅಂಗೀಕೃತವಾದ ಶಿಕ್ಷಣ ಮಸೂದೆಯನ್ನು ರಾಷ್ಟ್ರಪತಿ ರಾಜೇಂದ್ರಪ್ರಸಾದರು 143ನೆಯ ವಿಧಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕಾಗಿ ಕಳುಹಿಸಿದರು. ಸಂವಿಧಾನದ 30ನೆಯ ವಿಧಿಯು ಮತೀಯ ಮತ್ತು ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆಯಷ್ಟೆ. ಆ ಅಲ್ಪಸಂಖ್ಯೆಯನ್ನು ಎಣಿಸಬೇಕಾದದ್ದು ಯಾವ ಮೇರೆಯೊಳಗೆ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಶಾಲೆಯಿರುವ ಪ್ರದೇಶದಲ್ಲಿಯೇ ಆ ಸಮುದಾಯವು ಸಂಖ್ಯೆಯಲ್ಲಿ ಕಡಿಮೆಯಾಗಿರಬೇಕೆಂಬುದು ಕೇರಳ ಸರ್ಕಾರದ ವಾದ. ಮುಖ್ಯ ನ್ಯಾಯಾಧೀಶ ಎಸ್. ಆರ್. ದಾಸರ ಪೀಠವು 1958ರ ಮೇ 22ರಂದು ಆ ವಾದವನ್ನು ಒಪ್ಪದೆ, ಮಸೂದೆಯು ಇಡೀ ರಾಜ್ಯಕ್ಕೆ ಅನ್ವಯಿಸುವುದಾದುದರಿಂದ ರಾಜ್ಯದ ಸಮಗ್ರ ಜನಸಂಖ್ಯೆಯನ್ನು ಮಾನದಂಡವಾಗಿ ಹಿಡಿಯತಕ್ಕದ್ದೆಂದು ಅಭಿಪ್ರಾಯಪಟ್ಟಿತು. ಒಂದು ಗ್ರಾಮದಲ್ಲಿ ಹೆಚ್ಚಿನವರಾಗಿದ್ದೂ ರಾಜ್ಯದ ಲೆಕ್ಕದಲ್ಲಿ ಅತ್ಯಲ್ಪರಾದ ಕಾಸರಗೋಡಿನ ಕನ್ನಡಿಗರಂತಹವರಿಗೆ ಈ ಮಾನದಂಡವು ಎಷ್ಟು ಬೆಲೆಯುಳ್ಳದ್ದೆಂಬುದನ್ನು ವಿವರಿಸಬೇಕಾಗಿಲ್ಲ. ಬೀದಿಯ ಹೋರಾಟ ಉರುಳಿಸಿದ ಪಕ್ಷವು 1967ರಲ್ಲಿ ಮತ್ತೆ ಅಧಿಕಾರಕ್ಕೆ ಬಂದಿತು. ನ್ಯಾಯಾಲಯವು ಎತ್ತಿಹಿಡಿದ ಸೂತ್ರವಾದರೋ 2002ರ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಪುನಃ ದೃಢಪಟ್ಟು ಇಂದಿಗೂ ಜೀವಂತವಾಗಿದೆ.

ಭಾಷೆಯ ಭಿನ್ನಮತ

ಭಾಷೆಯೇ ಪ್ರಾಂತ್ಯದ ಆಧಾರವಾಗಬೇಕೆಂಬ ತತ್ತ್ವವನ್ನು ಕಮ್ಯುನಿಸ್ಟರು ಮನಃಪೂರ್ವಕವಾಗಿ ಪ್ರತಿಪಾದಿಸಿದವರು. ಐಕ್ಯ ಕೇರಳದ ಕಲ್ಪನೆಗೆ ಶಾಸ್ತ್ರೀಯ ತಳಹದಿಯನ್ನು ಒದಗಿಸಿದವರಲ್ಲಿ ನಂಬೂದಿರಿಪಾಡರೇ ಪ್ರಮುಖರು; ಕೇರಳವು ಮಲಯಾಳಿಗಳ ಮಾತೃಭೂಮಿಯೆಂದು ಸಾರುವ ಅವರ ಗ್ರಂಥವು 1948ರಲ್ಲಿಯೇ ಹೊರಬಂದಿತ್ತು. ಕಾಸರಗೋಡಿನ ಕನ್ನಡಿಗರು ಹಿಡಿದದ್ದೂ ಇದೇ ತತ್ತ್ವವನ್ನು. ಯಕ್ಷಗಾನದ ಪಾರ್ತಿಸುಬ್ಬ ಬಾಳಿದ ಕುಂಬಳೆ, ರಾಷ್ಟ್ರಕವಿ ಗೋವಿಂದ ಪೈಗಳು ನೆಲೆಸಿದ ಮಂಜೇಶ್ವರ ಇವು ಯಾವ ನ್ಯಾಯದಿಂದ ಮಲಯಾಳಿಗಳ ಮಾತೃಭೂಮಿಯಾದಾವು ಎಂಬುದು ಅವರ ಪ್ರಶ್ನೆ. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ತಾಲೂಕನ್ನು ಅಖಂಡವಾಗಿ ಎಣಿಸಿ, ಮಲಯಾಳ ಮಾತೃಭಾಷೆಯವರ ಬಹುಸಂಖ್ಯೆಯನ್ನು ಆಧಾರವಾಗಿಟ್ಟು ನಿರ್ಣಯವನ್ನು ಕೊಟ್ಟಿತ್ತು. ಚಂದ್ರಗಿರಿಯ ಉತ್ತರದಲ್ಲಿ ತುಳು, ಕೊಂಕಣಿ, ಮರಾಠಿಗಳನ್ನು ಮನೆಯಲ್ಲಿ ಆಡುವವರಿಗೂ ಶಾಲೆಯ ಭಾಷೆ, ವ್ಯವಹಾರದ ಭಾಷೆ ಕನ್ನಡವೇ ಎಂಬುದು ಆ ಎಣಿಕೆಯಲ್ಲಿ ಮರೆಯಾಯಿತು.

ಈ ಅಗಲಿಕೆ ಸಾಮಾನ್ಯ ಜನರಿಗೆ ತಟ್ಟಿದ್ದು ಭೂಪಟದಲ್ಲಿ ಅಲ್ಲ, ತಾಲೂಕು ಕಚೇರಿಯ ಮೇಜಿನ ಮೇಲೆ. ದಕ್ಷಿಣ ಕನ್ನಡ ಜಿಲ್ಲೆಯ ಕಂದಾಯದ ಕಡತಗಳೂ ಅಡಂಗಲು ಪುಸ್ತಕಗಳೂ ಕನ್ನಡದಲ್ಲಿದ್ದುವು. ಅಡಕೆ ತೋಟದ ಒಡೆಯನೂ ಗೇಣಿಯ ಒಕ್ಕಲೂ ತಮ್ಮ ಹೆಸರನ್ನು, ಸರ್ವೆ ನಂಬರನ್ನು, ತೀರ್ವೆಯನ್ನು ತಾವೇ ಓದಿ ತಿಳಿಯಬಲ್ಲವರಾಗಿದ್ದರು. ಆಡಳಿತದ ಭಾಷೆ ಬದಲಾದ ಮೇಲೆ, ತನ್ನ ಹೊಲದ ಕಾಗದವನ್ನೇ ಮತ್ತೊಬ್ಬರಿಂದ ಓದಿಸಿಕೊಂಡು, ಅರ್ಥ ತಿಳಿಯದ ಬರಹದ ಕೆಳಗೆ ರುಜು ಹಾಕುವ ಸ್ಥಿತಿ ಅಕ್ಷರಸ್ಥನಿಗೂ ಪ್ರಾಪ್ತವಾಯಿತು.

ಈ ದುಃಖಕ್ಕೆ ದನಿಯಾದವರಲ್ಲಿ ಅಗ್ರಗಣ್ಯರು ಕಯ್ಯಾರ ಕಿಞ್ಞಣ್ಣ ರೈಗಳು. ಸ್ವಾತಂತ್ರ್ಯ ಹೋರಾಟಗಾರರೂ ಅಧ್ಯಾಪಕರೂ ಕೃಷಿಕರೂ ಆಗಿದ್ದ ಈ ಕವಿಗಳು 1915ರಲ್ಲಿ ಜನಿಸಿ, 2015ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಳ್ಳುವ ಪರ್ಯಂತ ಕಾಸರಗೋಡು ಕನ್ನಡನಾಡಿನಲ್ಲಿ ವಿಲೀನವಾಗಬೇಕೆಂಬ ಹಂಬಲವನ್ನು ಬಿಡಲಿಲ್ಲ. ಅದೇ ಕಿಞ್ಞಣ್ಣ ರೈಗಳು ಮಲಯಾಳದ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದವರು. ನೆರೆಯ ನುಡಿಯ ಕವಿಯನ್ನು ತಲೆಯ ಮೇಲೆ ಹೊತ್ತು, ಆ ನುಡಿಯ ಸರ್ಕಾರದ ಅನ್ಯಾಯವನ್ನು ಎದುರಿಸಿದ ಈ ಔದಾರ್ಯವು ಕಾಸರಗೋಡಿನ ಚಳವಳಿಗೆ ಒದಗಿದ ನೈತಿಕ ಬಲವೆನ್ನಬೇಕು.

ಮತದಾನದಲ್ಲಿಯೂ ಈ ಭಿನ್ನಮತ ವ್ಯಕ್ತವಾಯಿತು. ಕಳ್ಳಿಗೆ ಮಹಾಬಲ ಭಂಡಾರಿಗಳು ಪಕ್ಷೇತರರಾಗಿ 1960ರಲ್ಲಿಯೂ 1967ರಲ್ಲಿಯೂ ಮಂಜೇಶ್ವರದಿಂದ ಗೆದ್ದರು. 1967ರಲ್ಲಿ ಕಾಸರಗೋಡು ಕ್ಷೇತ್ರವು ಯು. ಪಿ. ಕುಣಿಕುಳ್ಳಾಯರನ್ನು ಆರಿಸಿತು. ಆ ವರ್ಷವೇ, ಆಗಸ್ಟ್ ತಿಂಗಳಲ್ಲಿ, ನಿವೃತ್ತ ಮುಖ್ಯ ನ್ಯಾಯಾಧೀಶ ಮೆಹರ್‌ಚಂದ್ ಮಹಾಜನರ ಆಯೋಗವು ಚಂದ್ರಗಿರಿ ಮತ್ತು ಪಯಸ್ವಿನಿ ನದಿಗಳ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸತಕ್ಕದ್ದೆಂದು ಶಿಫಾರಸು ಮಾಡಿತು. ಕೇರಳದಲ್ಲಿ ಆಗ ನಂಬೂದಿರಿಪಾಡರ ಎರಡನೆಯ ಮಂತ್ರಿಮಂಡಲವಿತ್ತು. ಕೇರಳವು ಶಿಫಾರಸನ್ನು ನಿರಾಕರಿಸಿತು. ಭಾಷೆಯ ತತ್ತ್ವವನ್ನು ತನ್ನ ಪಾಲಿಗೆ ಪರಮಪ್ರಮಾಣವೆಂದು ಸಾಧಿಸಿದ ಪಕ್ಷವು ಕನ್ನಡಿಗರ ಪಾಲಿಗೆ ಅದನ್ನು ಅನ್ವಯಿಸಲು ಒಪ್ಪಲಿಲ್ಲ. ವಿಲೀನದ ಬೇಡಿಕೆ ಭೂಮಾಲಿಕರ ಹಿತಾಸಕ್ತಿಯೆಂಬ ಎಡಪಕ್ಷಗಳ ಆಕ್ಷೇಪದಲ್ಲಿ, ಚಳವಳಿಯ ಮುಂದಾಳುಗಳಲ್ಲಿ ಭೂಮಿಯುಳ್ಳ ಮನೆತನದವರು ಇದ್ದುದರಿಂದ, ಸ್ವಲ್ಪ ಹುರುಳಿರಬಹುದು. ಆದರೆ ಅರ್ಜಿಯನ್ನು ತನ್ನ ಭಾಷೆಯಲ್ಲಿ ಬರೆಯಬೇಕಾದ ಅಗತ್ಯ ಒಡೆಯನಿಗಿಂತ ಒಕ್ಕಲಿಗೇ ಹೆಚ್ಚು. ಮಂಜೇಶ್ವರದ ಮತದಾರರು 1970ರಲ್ಲಿ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರನ್ನೂ 1980ರಲ್ಲಿ ಅದೇ ಪಕ್ಷದ ಡಾ. ಎ. ಸುಬ್ಬರಾಯರನ್ನೂ ಆರಿಸಿದ್ದನ್ನು ನೋಡಿದರೆ, ಆ ನಾಡಿನವರ ತಕರಾರು ಇದ್ದದ್ದು ಕೆಂಬಾವುಟದೊಡನೆಯಲ್ಲ, ಕನ್ನಡದ ಉಪೇಕ್ಷೆಯೊಡನೆ ಎಂಬುದು ಸ್ಪಷ್ಟವಾಗುತ್ತದೆ.

ಹೊರನಾಡುಗಳ ಸಾದೃಶ್ಯ

ಕರ್ನಾಟಕದ ಏಕೀಕರಣವಾದ 1956ರ ನವೆಂಬರ್ 1ರಂದೇ ಬುಡಾಪೆಸ್ಟಿನಲ್ಲಿ ಪ್ರಧಾನಿ ಇಮ್ರೆ ನಾಜ್ ಹಂಗೇರಿಯು ವಾರ್ಸಾ ಒಪ್ಪಂದದಿಂದ ಹೊರಬಂದು ತಟಸ್ಥ ರಾಷ್ಟ್ರವಾಗುವುದೆಂದು ಘೋಷಿಸಿದನು. ಮೂರೇ ದಿನಗಳಲ್ಲಿ ಸೋವಿಯತ್ ಟ್ಯಾಂಕುಗಳು ನಗರವನ್ನು ತುಳಿದುವು. 1958ರ ಜೂನ್ 16ರಂದು ಅವನನ್ನು ನೇಣಿಗೇರಿಸಲಾಯಿತು. ಉಮೇಶರಾಯರು ವಿಧಾನಸಭೆಯಲ್ಲಿ ಆಸೀನರಾಗಿದ್ದ ಕಾಲದಲ್ಲಿಯೇ ಅಲ್ಲಿ ಭಿನ್ನಮತಕ್ಕೆ ಇದು ಗತಿ. ಸಂವಿಧಾನವುಳ್ಳ ಪ್ರಜೆಗೂ ಇಲ್ಲದ ಪ್ರಜೆಗೂ ಇರುವ ಅಂತರವನ್ನು ಇದಕ್ಕಿಂತ ನಿಚ್ಚಳವಾಗಿ ತೋರಿಸುವುದು ಕಷ್ಟ.

ಭಾಷಿಕ ಅಲ್ಪಸಂಖ್ಯಾತರ ವಿಷಯದಲ್ಲಿ ರುಮೇನಿಯದ ಉದಾಹರಣೆಯು ನಮಗೆ ಇನ್ನೂ ಸಮೀಪದ್ದು. ಟ್ರಾನ್ಸಿಲ್ವೇನಿಯದ ಹಂಗೇರಿಯನ್ನರಿಗೆ ಕ್ಲುಜ್ ನಗರದಲ್ಲಿದ್ದ ಬೊಲ್ಯಾಯ್ ವಿಶ್ವವಿದ್ಯಾಲಯವನ್ನು 1959ರಲ್ಲಿ ರುಮೇನಿಯನ್ ವಿಶ್ವವಿದ್ಯಾಲಯದೊಡನೆ ವಿಲೀನಗೊಳಿಸಲಾಯಿತು. ಅದನ್ನು ಪ್ರಶ್ನಿಸಲು ಸ್ವತಂತ್ರ ನ್ಯಾಯಾಲಯವೂ ಇರಲಿಲ್ಲ, ಪತ್ರಿಕೆಯೂ ಇರಲಿಲ್ಲ. ಅದುಮಿಟ್ಟ ಆ ಅಸಮಾಧಾನ 1989ರ ಡಿಸೆಂಬರಿನಲ್ಲಿ ತಿಮಿಶ್ವಾರಾ ನಗರದಲ್ಲಿ ಹೊರಬಿದ್ದಿತು. ಲಾಸ್ಲೊ ತೊಕೇಶ್ ಎಂಬ ಹಂಗೇರಿಯನ್ ಧರ್ಮೋಪದೇಶಕನನ್ನು ಮನೆಯಿಂದ ಹೊರಹಾಕಲು ಬಂದಾಗ ಅವನ ಸಭೆಯವರು ಅಡ್ಡನಿಂತರು, ರುಮೇನಿಯನ್ನರೂ ಅವರನ್ನು ಕೂಡಿಕೊಂಡರು, ಹತ್ತು ದಿನಗಳೊಳಗೆ ಚೌಶೆಸ್ಕುವಿನ ಪ್ರಭುತ್ವವೇ ಕುಸಿಯಿತು.

ಚೆಕೊಸ್ಲೊವಾಕಿಯದವರು ಬೇರೊಂದು ಮಾರ್ಗವನ್ನು ಹಿಡಿದರು. ತಮ್ಮ ಸರ್ಕಾರವೇ ಸಹಿ ಹಾಕಿದ್ದ 1975ರ ಹೆಲ್ಸಿಂಕಿ ಒಪ್ಪಂದವನ್ನೂ, ದೇಶದ ಶಾಸನಸಂಹಿತೆಯಲ್ಲಿ ಪ್ರಕಟವಾಗಿದ್ದ ಅಂತಾರಾಷ್ಟ್ರೀಯ ಹಕ್ಕುಗಳ ಕರಾರುಗಳನ್ನೂ ಮುಂದಿಟ್ಟು, 240ಕ್ಕೂ ಹೆಚ್ಚು ಮಂದಿ ‘ಚಾರ್ಟರ್ 77’ ಎಂಬ ಮನವಿಗೆ ರುಜು ಹಾಕಿದರು. 1977ರ ಜನವರಿ 6ರಂದು ಆ ಮನವಿಯ ಲಕೋಟೆಗಳನ್ನು ಕಾರಿನಲ್ಲಿ ಒಯ್ಯುತ್ತಿದ್ದ ನಾಟಕಕಾರ ವಾಸ್ಲಾವ್ ಹಾವೆಲ್‌ನನ್ನೂ ಅವನ ಸಂಗಡಿಗರನ್ನೂ ಪೋಲೀಸರು ಬೆನ್ನಟ್ಟಿ ಹಿಡಿದರು. ತತ್ತ್ವಜ್ಞಾನಿ ಯಾನ್ ಪಾಟೊಚ್ಕ ದೀರ್ಘ ವಿಚಾರಣೆಗಳ ಬೆನ್ನಿಗೇ ಮಾರ್ಚಿನಲ್ಲಿ ಮರಣಹೊಂದಿದನು. ಹನ್ನೆರಡು ವರ್ಷಗಳ ಬಳಿಕ ಅದೇ ಹಾವೆಲ್ ಆ ದೇಶದ ಅಧ್ಯಕ್ಷನಾದನು.

ದಾಯ

ಕಾಸರಗೋಡಿನ ಚಳವಳಿಯು ಗಡಿಯನ್ನು ಬದಲಿಸಲಾರದೆ ಹೋಯಿತು. ಆದರೆ ಬರಿಗೈಯಲ್ಲಿ ಉಳಿಯಲಿಲ್ಲ. ಪುನರ್ವಿಂಗಡಣೆಯ ಸಂದರ್ಭದಲ್ಲಿಯೇ ಸಂವಿಧಾನಕ್ಕೆ ಸೇರಿದ 350ಎ ಮತ್ತು 350ಬಿ ವಿಧಿಗಳು ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವನ್ನೂ ಭಾಷಿಕ ಅಲ್ಪಸಂಖ್ಯಾತರಿಗೆಂದು ವಿಶೇಷಾಧಿಕಾರಿಯನ್ನೂ ಒದಗಿಸಿದುವು. 1969ರ ಕೇರಳ ಅಧಿಕೃತ ಭಾಷೆಗಳ ಅಧಿನಿಯಮವು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ಮಾನ್ಯಮಾಡಿತು. ತದನಂತರದ ಹೋರಾಟಗಳೆಲ್ಲ ಈ ಶಾಸನಗಳ ನೆಲೆಯ ಮೇಲೆಯೇ ನಿಂತಿವೆ. 2017ರಲ್ಲಿ ಪಿಣರಾಯಿ ವಿಜಯನ್‌ರವರ ಎಡರಂಗ ಸರ್ಕಾರವು ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಕನ್ನಡಿಗರು ಜಿಲ್ಲಾಧಿಕಾರಿಗಳ ಕಚೇರಿಯೆದುರು ಸಹಸ್ರಾರು ಸಂಖ್ಯೆಯಲ್ಲಿ ನೆರೆದು ಕೇಳಿದ್ದು ಸರ್ಕಾರದ ಪತನವನ್ನಲ್ಲ, ತಮಗೆ ಮೊದಲೇ ದತ್ತವಾಗಿದ್ದ ಹಕ್ಕುಗಳ ಪಾಲನೆಯನ್ನು. ಕನ್ನಡ ಶಾಲೆಗೆ ಕನ್ನಡವರಿಯದ ಶಿಕ್ಷಕರನ್ನು ನೇಮಿಸಿದಾಗ ಪಾಲಕರು ಎತ್ತಿದ ಆಕ್ಷೇಪವೂ ಇದೇ ಬಗೆಯದು.

ಆದುದರಿಂದ ಈ ಅಧ್ಯಯನದಿಂದ ಹೊರಡುವ ನಿರ್ಣಯ ಇಷ್ಟು. ಕಮ್ಯುನಿಸ್ಟ್ ಆಳ್ವಿಕೆಗಳಲ್ಲಿ ಭಿನ್ನಮತದ ಭವಿತವ್ಯವನ್ನು ಆಳುವ ಪಕ್ಷದ ತತ್ತ್ವಕ್ಕಿಂತ ಅದರ ಮೇಲಿರುವ ಶಾಸನದ ಹಿಡಿತವೇ ಹೆಚ್ಚಾಗಿ ನಿರ್ಧರಿಸಿದೆ. ಆ ಹಿಡಿತವಿಲ್ಲದೆಡೆ ಭಿನ್ನಮತವು ಸೆರೆಮನೆಯನ್ನು ಸೇರಿತು, ಇರುವೆಡೆ ವಿಧಾನಸಭೆಯನ್ನೂ ನ್ಯಾಯಸಭೆಯನ್ನೂ ಸೇರಿತು. ಆದರೆ ಬರೆದಿಟ್ಟ ಹಕ್ಕು ಕೇಳುವವರಿಲ್ಲದಿದ್ದರೆ ಕಡತದಲ್ಲಿಯೇ ಸವೆಯುತ್ತದೆ. ಅದನ್ನು ಕೇಳುವ ಭಾರವನ್ನು ಕಾಸರಗೋಡಿನವರು ಆರು ದಶಕಗಳಿಗೂ ಮಿಕ್ಕಿ ಬಹುಮಟ್ಟಿಗೆ ಒಂಟಿಯಾಗಿ ಹೊತ್ತಿದ್ದಾರೆ. ಅದೇ ನವೆಂಬರ್ 1ರ ಪ್ರಸಾದವನ್ನು ಉಣ್ಣುತ್ತಿರುವ ನಾವು, ಹುನಗುಂದ ಇಳಕಲ್ಲುಗಳ ಕನ್ನಡಿಗರು, ರಾಜ್ಯೋತ್ಸವದ ದಿನ ಅವರನ್ನು ಸ್ಮರಿಸಿದರೆ ಸಾಲದು. ಅಲ್ಲಿಯ ಶಾಲೆಗಳಿಗೆ ಪುಸ್ತಕಗಳನ್ನೂ, ಅಲ್ಲಿಯ ಮಕ್ಕಳಿಗೆ ನಮ್ಮ ಕಾಲೇಜುಗಳಲ್ಲಿ ಸ್ಥಾನಗಳನ್ನೂ, ಅಲ್ಲಿಯ ಅಹವಾಲುಗಳಿಗೆ ನಮ್ಮ ವಿಧಾನಸಭೆಯಲ್ಲಿ ದನಿಯನ್ನೂ ಒದಗಿಸುವುದು ನಮ್ಮ ಕರ್ತವ್ಯ. ಓದುಗರು ತಮ್ಮ ಊರಿನ ಗ್ರಂಥಾಲಯದಿಂದಲೇ ಈ ಕಾರ್ಯಕ್ಕೆ ತೊಡಗಬೇಕೆಂದು ಪ್ರಾರ್ಥಿಸುತ್ತೇನೆ.