ಜಠರಾಗ್ನಿಯೂ ಮಧುಮೇಹವೂ

ಆಡುಮಾತಿನಲ್ಲಿ ನಾವು ಸಕ್ಕರೆ ಕಾಯಿಲೆ ಎಂದು ಕರೆಯುವ ಮಧುಮೇಹದ ಹೆಸರು ಕೇಳದ ಮನೆ ಇಂದು ಪಟ್ಟಣಗಳಲ್ಲಿ ಅಪರೂಪ. ಆದ್ದರಿಂದಲೇ ಇದನ್ನು ಹೊಸ ನಾಗರಿಕತೆಯ ಕೊಡುಗೆಯೆಂದು ಭಾವಿಸುವವರು ಅನೇಕರು. ಇನ್ನು ಕೆಲವರು, ನಮ್ಮ ಪ್ರಾಚೀನರಿಗೆ ಇದರ ವಿಷಯವೆಲ್ಲ ತಿಳಿದೇ ಇತ್ತು, ಪಶ್ಚಿಮದವರು ಹೊಸದಾಗಿ ಕಂಡುಕೊಂಡದ್ದು ಏನೂ ಇಲ್ಲ ಎನ್ನುತ್ತಾರೆ. ಈ ಎರಡೂ ಗ್ರಂಥಗಳನ್ನು ತೆರೆದು ನೋಡಿದವರ ಮಾತುಗಳಲ್ಲ. ನಾನು ವೈದ್ಯನಲ್ಲ; ಹಳೆಯ ವೈದ್ಯಗ್ರಂಥಗಳನ್ನು ಕುತೂಹಲದಿಂದ ಓದಿದವನು ಮಾತ್ರ. ಆ ಓದಿನ ಬಲದ ಮೇಲೆ ಈ ರೋಗದ ಚರಿತ್ರೆಯನ್ನು ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಹಲವು ಕೈಗಳಲ್ಲಿ ತಿದ್ದುಪಡಿಗೊಂಡು, ಕ್ರಿಸ್ತಶಕದ ಮೊದಲ ಕೆಲವು ಶತಮಾನಗಳಲ್ಲಿ ಇಂದಿನ ರೂಪಕ್ಕೆ ಬಂದವೆಂದು ವಿದ್ವಾಂಸರು ಹೇಳುವ ಚರಕಸಂಹಿತೆ, ಸುಶ್ರುತಸಂಹಿತೆಗಳಲ್ಲಿ 'ಪ್ರಮೇಹ'ಕ್ಕೆ ಪ್ರತ್ಯೇಕ ಅಧ್ಯಾಯಗಳೇ ಇವೆ. ಮೂತ್ರವು ಅತಿಯಾಗಿ, ಕದಡಿಕೊಂಡು ಹೋಗುವುದು ಪ್ರಮೇಹದ ಸಾಮಾನ್ಯ ಲಕ್ಷಣ. ಕಫದಿಂದ 10, ಪಿತ್ತದಿಂದ 6, ವಾತದಿಂದ 4, ಹೀಗೆ ಒಟ್ಟು 20 ಬಗೆ. ಕೊನೆಯ ನಾಲ್ಕರಲ್ಲಿ ಮಧುಮೇಹ ಒಂದು. ರೋಗಿಯ ಮೈಗೂ ಮೂತ್ರಕ್ಕೂ ಇರುವೆ ಮುತ್ತುವುದನ್ನು ಚರಕಸಂಹಿತೆ ರೋಗದ ಮುನ್ಸೂಚನೆಗಳಲ್ಲಿ ಸೇರಿಸಿದೆ. ಯುರೋಪಿನಲ್ಲಿ ಥಾಮಸ್ ವಿಲ್ಲಿಸ್ ಈ ಸಿಹಿಯನ್ನು ಕುರಿತು ಬರೆದದ್ದು 1674ರಲ್ಲಿ. ಆ ಸಿಹಿಗೆ ಕಾರಣ ಸಕ್ಕರೆಯೇ, ಅದು ರಕ್ತದಲ್ಲಿಯೂ ಇರುತ್ತದೆ ಎಂದು ಮ್ಯಾಥ್ಯೂ ಡಾಬ್ಸನ್ ತೋರಿಸಿದ್ದು 1776ರಲ್ಲಿ. ಇರುವೆಯನ್ನು ಗಮನಿಸಿದ ಕಣ್ಣಿಗೆ ನಾವು ಗೌರವ ಸಲ್ಲಿಸಬೇಕು. ಆದರೆ ಇರುವೆಯಿಂದ ರಕ್ತದ ಸಕ್ಕರೆಯವರೆಗಿನ ದಾರಿ ದೊಡ್ಡದು. ಅದನ್ನು ನಡೆದವರು ಬೇರೆಯವರು ಎಂಬುದನ್ನೂ ಒಪ್ಪಬೇಕು.

ಪ್ರಾಚೀನರ ನಿಜವಾದ ಹಿರಿಮೆ ನನಗೆ ಕಾಣುವುದು ಬೇರೊಂದು ಕಡೆ. ಅವರು ಮೂತ್ರವನ್ನು ನೋಡಿ ಅಲ್ಲಿಗೇ ನಿಲ್ಲಲಿಲ್ಲ. ರೋಗಿಯ ಊಟವನ್ನೂ ದಿನಚರಿಯನ್ನೂ ನೋಡಿದರು. ಚರಕನು ಕೊಡುವ ಕಾರಣಗಳಲ್ಲಿ ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ಭಕ್ಷ್ಯಗಳ ಜೊತೆಗೆ, ಕುಳಿತಲ್ಲೇ ಕುಳಿತಿರುವ ಸುಖ, ಮಲಗಿ ನಿದ್ರಿಸುವ ಸುಖ ಇವೂ ಸೇರಿವೆ. ಸುಖವನ್ನೇ ರೋಗಕಾರಣಗಳ ಪಟ್ಟಿಯಲ್ಲಿ ಬರೆಯುವುದಕ್ಕೆ ಧೈರ್ಯ ಬೇಕು. ಶ್ರೀಮಂತರನ್ನು ನೆಚ್ಚಿ ಬಾಳುವ ವೈದ್ಯನಿಗಂತೂ ಇನ್ನೂ ಹೆಚ್ಚಿನ ಧೈರ್ಯ ಬೇಕು.

ಈ ಎಲ್ಲದರ ಹಿಂದೆ ಇರುವುದು ಅಗ್ನಿಯ ಕಲ್ಪನೆ. ಉಂಡ ಅನ್ನವನ್ನು ಪಚನ ಮಾಡುವ ಜಠರಾಗ್ನಿ ಒಂದು, ಪಂಚಭೂತಗಳ ಅಗ್ನಿಗಳು ಐದು, ರಸ ರಕ್ತ ಮಾಂಸ ಮೇದಸ್ಸು ಮೊದಲಾದ ಧಾತುಗಳ ಅಗ್ನಿಗಳು ಏಳು. ಒಟ್ಟು ಹದಿಮೂರರಲ್ಲಿ ಜಠರಾಗ್ನಿಯೇ ಉಳಿದವುಗಳ ಮೂಲ. ಅದರ ನೆಲೆ ಹೊಕ್ಕುಳಿನ ಮೇಲಿರುವ 'ಗ್ರಹಣಿ'. ಬೇಯದ ಅನ್ನವನ್ನು ಹಿಡಿದು ನಿಲ್ಲಿಸಿ, ಬೆಂದದ್ದನ್ನು ಮುಂದೆ ಬಿಡುವುದು ಅದರ ಕೆಲಸ. ಗ್ರಹಣಿ ಕೆಟ್ಟವನಿಗೆ ಸಂಹಿತೆ ಬಹುವಾಗಿ ಹೊಗಳುವ ಪಥ್ಯ ಮಜ್ಜಿಗೆ. ಊಟದ ಕೊನೆಗೆ ಮಜ್ಜಿಗೆಯಿಲ್ಲದಿದ್ದರೆ ಊಟವಾಯಿತೆಂದೇ ಒಪ್ಪದ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಮೊಸರು ಪ್ರಮೇಹದ ಕಾರಣಗಳಲ್ಲಿಯೂ, ಅದನ್ನೇ ಕಡೆದ ಮಜ್ಜಿಗೆ ಗ್ರಹಣಿಯ ಔಷಧಗಳಲ್ಲಿಯೂ ಬರುವುದು ಗಮನಿಸಬೇಕಾದ ಸೂಕ್ಷ್ಮ.

ಸ್ಥೂಲಕಾಯದವನನ್ನು ಕುರಿತು ಚರಕನು ಹೇಳುವುದು ಇನ್ನೂ ಸ್ವಾರಸ್ಯವಾಗಿದೆ. ಮೇದಸ್ಸು ದಾರಿಗಳನ್ನು ಕಟ್ಟಿದಾಗ ವಾಯು ಹೊಟ್ಟೆಯೊಳಗೇ ಸುತ್ತಿ ಅಗ್ನಿಯನ್ನು ಊದಿ ಉರಿಸುತ್ತದೆ. ಉಂಡದ್ದು ಬೇಗ ಕರಗಿ ಮತ್ತೆ ಹಸಿವಾಗುತ್ತದೆ. ಮತ್ತೆ ಉಂಡರೆ ಬೆಳೆಯುವುದು ಮೇದಸ್ಸು ಮಾತ್ರ. ಉಳಿದ ಧಾತುಗಳು ಸೊರಗುತ್ತವೆ. ದೇಹ ತುಂಬಿದ್ದರೂ ಒಳಗೆ ಬಡತನ. ವಾಯು, ಅಗ್ನಿ ಎಂಬ ಪರಿಭಾಷೆಯನ್ನು ನಾವು ಇಂದು ಒಪ್ಪದಿರಬಹುದು. ಆದರೆ ಕೊಬ್ಬು ಹಸಿವನ್ನೂ ಹಸಿವು ಕೊಬ್ಬನ್ನೂ ಬೆಳೆಸುವ ಈ ವಿಷವೃತ್ತದ ವರ್ಣನೆ ಕಣ್ಣಾರೆ ಕಂಡವರದು.

ಸುಶ್ರುತನು ಒಂದು ಹೆಜ್ಜೆ ಮುಂದೆ ಹೋಗಿ ರೋಗಿಗಳನ್ನು ಎರಡಾಗಿ ವಿಂಗಡಿಸುತ್ತಾನೆ. ಹುಟ್ಟಿನಿಂದಲೇ ಬಂದ ಪ್ರಮೇಹ ಒಂದು, ಅಪಥ್ಯದಿಂದ ತಂದುಕೊಂಡದ್ದು ಇನ್ನೊಂದು. ಮೊದಲನೆಯವನು ಕೃಶ, ಎರಡನೆಯವನು ಸ್ಥೂಲ. ಚಿಕಿತ್ಸೆಯ ಭಾಗವಂತೂ ಒಂದು ಸಮಾಜಚಿತ್ರ. ಹಣವಿಲ್ಲದ, ಬಂಧುಗಳಿಲ್ಲದ ರೋಗಿ ಕೆರವಿಲ್ಲದೆ, ಕೊಡೆಯಿಲ್ಲದೆ, ಭಿಕ್ಷಾನ್ನ ಉಣ್ಣುತ್ತ, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು. ಸಿರಿವಂತನು ಅರಮನೆಯ ಊಟ ಬಿಟ್ಟು ಕಿರುಧಾನ್ಯ, ಕಾಡುನೆಲ್ಲು, ನೆಲ್ಲಿ, ಬೇಲದ ಹಣ್ಣುಗಳನ್ನು ತಿಂದು ಜಿಂಕೆಗಳ ನಡುವೆ ಬಾಳಬೇಕು, ದನದ ಹಿಂದೆ ಅಲೆಯಬೇಕು. ಉಳಿದವರು ಹೊಲ ಉಳಬೇಕು ಅಥವಾ ಬಾವಿ ತೋಡಬೇಕು. ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಇದೆ: ಕೃಶನಾದವನನ್ನು ಹೀಗೆ ದಂಡಿಸಬಾರದು, ಸದಾ ಕಾಪಾಡಬೇಕು. ಮಧುಮೇಹಿಗಳೆಲ್ಲ ಒಂದೇ ಜಾತಿಯವರಲ್ಲ, ಇನ್ಸುಲಿನ್ನಿಗೆ ಮಣಿಯುವವರು ಬೇರೆ, ಮಣಿಯದವರು ಬೇರೆ ಎಂದು ಲಂಡನ್ನಿನ ಹಿಮ್ಸ್‌ವರ್ತ್ ತೋರಿಸಿದ್ದು 1936ರಲ್ಲಿ. ಸುಶ್ರುತನಿಗೆ ಇನ್ಸುಲಿನ್ ತಿಳಿದಿರಲಿಲ್ಲ. ರೋಗಿಗಳ ನಡುವಿನ ಭೇದ ತಿಳಿದಿತ್ತು.

ಈ ಶಾಸ್ತ್ರ ಕಲ್ಲಿನಲ್ಲಿ ಕೊರೆದ ಶಾಸನದಂತೆ ನಿಂತುಬಿಡಲಿಲ್ಲ ಎಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಸಾಕ್ಷಿಯಿದೆ. ಚರಕನ ಪ್ರಮೇಹಚಿಕಿತ್ಸೆಯಲ್ಲಿ ಜವೆಗೋಧಿಯ ಅಡುಗೆಯ ಜೊತೆಗೆ ಒಣನಾಡಿನ ಮೃಗಪಕ್ಷಿಗಳ ಮಾಂಸವೂ ಆಸವಗಳೂ ಇವೆ. ರಾಷ್ಟ್ರಕೂಟರ ಕಾಲದ ಜೈನ ವೈದ್ಯ ಉಗ್ರಾದಿತ್ಯನು ನೃಪತುಂಗನ ಸಭೆಯಲ್ಲಿ ಮಾಂಸಾಹಾರದ ನಿರರ್ಥಕತೆಯನ್ನು ವಾದಿಸಿದನೆಂದು ಅವನ ಸಂಸ್ಕೃತ ಗ್ರಂಥ 'ಕಲ್ಯಾಣಕಾರಕ'ದಿಂದ ತಿಳಿದುಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯವನ್ನು 'ಕರ್ಣಾಟಕ ಕಲ್ಯಾಣಕಾರಕ'ವೆಂದು ಕನ್ನಡಕ್ಕೆ ತಂದಾಗ ಅದರ ಚಿಕಿತ್ಸೆಯಲ್ಲಿ ಮಾಂಸಕ್ಕೂ ಮದ್ಯಕ್ಕೂ ಎಡೆಯಿರಲಿಲ್ಲ. ಹಿರಿಯರ ಔಷಧವನ್ನು ತಮ್ಮ ಧರ್ಮಕ್ಕಾಗಿ ಬದಲಾಯಿಸಬಹುದೆಂದು ಇವರು ತಿಳಿದಿದ್ದರು. ಹಾಗಿದ್ದಮೇಲೆ, ರೋಗಿಯ ಪ್ರಾಣಕ್ಕಾಗಿ ಬದಲಾಯಿಸಬಾರದೆ?

ಇದು ಬರಿಯ ವಾದದ ಪ್ರಶ್ನೆಯಲ್ಲ. ಪ್ರಾಚೀನರು ಪ್ರಮೇಹಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸಿದರು. ಕಫದವು ವಾಸಿಯಾಗುತ್ತವೆ, ಪಿತ್ತದವು ವಾಸಿಯಾಗದಿದ್ದರೂ ಔಷಧ ಪಥ್ಯಗಳಿಂದ ಹಿಡಿತದಲ್ಲಿರುತ್ತವೆ, ಇದೇ ಯಾಪ್ಯ, ಮಧುಮೇಹವೂ ಸೇರಿ ವಾತದವು ನಾಲ್ಕೂ ಅಸಾಧ್ಯ. ತಾನು ಗುಣಪಡಿಸಲಾರದ್ದನ್ನು ಗುಣಪಡಿಸುತ್ತೇನೆಂದು ಹೇಳುವ ವೈದ್ಯನು ಹಣವನ್ನೂ ಕೀರ್ತಿಯನ್ನೂ ಕಳೆದುಕೊಳ್ಳುತ್ತಾನೆಂದು ಚರಕನು ಎಚ್ಚರಿಸುತ್ತಾನೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ, ಬ್ಯಾಂಟಿಂಗ್, ಬೆಸ್ಟ್ ಮೊದಲಾದವರು ಹಿಂದಿನ ವರ್ಷ ಮೇದೋಜೀರಕಾಂಗದಿಂದ ಬೇರ್ಪಡಿಸಿದ್ದ ಇನ್ಸುಲಿನ್ನನ್ನು ಸಾವಿನಂಚಿನಲ್ಲಿದ್ದ 14 ವರ್ಷದ ಹುಡುಗನೊಬ್ಬನಿಗೆ ಚುಚ್ಚಲಾಯಿತು. ಅವನು ಮುಂದೆ 13 ವರ್ಷ ಬದುಕಿದನು. ಚರಕನ ಮಾತಿನಲ್ಲಿಯೇ ಹೇಳುವುದಾದರೆ, ಅಸಾಧ್ಯವಾದ ರೋಗವೊಂದು ಅಂದು ಯಾಪ್ಯವಾಯಿತು. ಇಂದಿಗೂ ಕೃಶನಾದ ಬಾಲರೋಗಿಯ ಇನ್ಸುಲಿನ್ ನಿಲ್ಲಿಸಿ, ಬೇರುನಾರುಗಳಿಂದ ಬೇರುಸಹಿತ ಗುಣಪಡಿಸುತ್ತೇವೆಂದು ಹೇಳುವವರುಂಟು. ಅವರು ಕೆಲವೇ ದಿನಗಳಲ್ಲಿ ಆ ಮಗುವಿನ ಜೀವಕ್ಕೇ ಎರವಾಗಬಲ್ಲರು. ಅವರು ಆಯುರ್ವೇದದ ಹೆಸರು ಹೇಳಿದರೂ ಸುಶ್ರುತನ ಎಚ್ಚರಿಕೆಯನ್ನು ಮೀರಿದವರೇ ಸರಿ.

ಹೊಟ್ಟೆಗೂ ಸಕ್ಕರೆಗೂ ಇರುವ ನಂಟನ್ನು ಹೊಸ ವಿಜ್ಞಾನವೂ ತನ್ನ ದಾರಿಯಲ್ಲಿ ಕಂಡುಕೊಂಡಿದೆ. ಗ್ಲೂಕೋಸನ್ನು ರಕ್ತನಾಳಕ್ಕೆ ಕೊಟ್ಟಾಗ ಬರುವುದಕ್ಕಿಂತ, ಬಾಯಿಯ ಮೂಲಕ ಕೊಟ್ಟಾಗ ಹೆಚ್ಚು ಇನ್ಸುಲಿನ್ ಹೊರಬರುತ್ತದೆಂದು 1964ರಲ್ಲಿ ತೋರಿಸಲಾಯಿತು. ಕರುಳು ತನ್ನ ರಸವಿಶೇಷಗಳ ಮೂಲಕ ಮೇದೋಜೀರಕಾಂಗಕ್ಕೆ ಸುದ್ದಿ ಕಳುಹಿಸುತ್ತದೆ ಎಂದು ಇದರಿಂದ ತಿಳಿಯಿತು. ಆ ರಸಗಳನ್ನು ಅನುಕರಿಸುವ ಔಷಧಗಳು 2005ರಿಂದ ಬಳಕೆಗೆ ಬಂದಿವೆ. ಗ್ರಹಣಿ ಎಂದರೆ ಇದೇ ಎಂದು ಕೂಗುವುದು ಅತಿಭಕ್ತಿ; ಅಗ್ನಿಯೆಂಬುದು ಬರಿಯ ಕಟ್ಟುಕತೆ ಎನ್ನುವುದು ಅವಸರ. ರೋಗವನ್ನು ಹೊಟ್ಟೆಯಿಂದ, ನಡಿಗೆಯಿಂದ, ಬದುಕಿನ ರೀತಿಯಿಂದ ನೋಡಬೇಕೆಂಬ ಹಳೆಯ ದೃಷ್ಟಿ ಇಂದಿಗೂ ಬೆಲೆಯುಳ್ಳದ್ದು.

ಆಯುಸ್ಸನ್ನೂ ಕೀರ್ತಿಯನ್ನೂ ತರುವ ಹಿತವಚನವಾದರೆ ಅದನ್ನು ಶತ್ರುವಿನಿಂದಲಾದರೂ ಕೇಳಿ ನಡೆಯಬೇಕೆಂಬುದು ಚರಕಸಂಹಿತೆಯ ಅಭಿಪ್ರಾಯ. ಟೊರಾಂಟೊದವರಂತೂ ನಮ್ಮ ಶತ್ರುಗಳಲ್ಲ. ಸ್ಥೂಲನನ್ನು ನಡೆಸಬೇಕು, ಕೃಶನನ್ನು ಕಾಪಾಡಬೇಕು ಎಂಬ ಮಾತಿನ ಮೊದಲ ಅರ್ಧಕ್ಕೆ ಹಿಂದಿನವರ ಬಳಿ ಸಾಧನವಿತ್ತು. ಎರಡನೆಯ ಅರ್ಧಕ್ಕೆ ಸಾಧನ ದೊರೆತದ್ದು 1922ರಲ್ಲಿ. ಎರಡನ್ನೂ ಕೈಯಲ್ಲಿ ಹಿಡಿದಿರುವ ನಾವು ಒಂದನ್ನು ಬಿಡಬೇಕಾದ ಕಾರಣವೇನೂ ಇಲ್ಲ.